ನಮ್ಮ ಮನೆಯ ಮುರುಕು ಕುರ್ಚಿ

ಹಳೆಯ ವಿದ್ಯಾರ್ಥಿನಿಯರ ಲೇಖನವೆಂದಮೇಲೆ ಗುರುಗಳ ಸ್ಮರಣೆ, ಗೆಳತಿಯರ ಅಗಲಿಕೆ, ಬೆಳಗಿನ ಗಂಟೆಯ ನಾದ ಇವುಗಳೇ ಇರತಕ್ಕದ್ದೆಂದು ವಾಚಕರು ಎದುರುನೋಡುವದು ಸಹಜವಾಗಿದೆ. ನಾವಾದರೋ ಒಂದು ಕುರ್ಚಿಯ ಕುರಿತು ಬರೆಯಹೊರಟಿದ್ದೇವೆ. ನಾವೆಂದರೆ ಈ ಶಾಲೆಯಲ್ಲಿ ಒಬ್ಬಳ ಹಿಂದೆ ಒಬ್ಬಳಂತೆ ಓದಿದ ಅಕ್ಕತಂಗಿಯರಿಬ್ಬರು. ಇಂಥ ಅಲ್ಪ ವಿಷಯಕ್ಕೆ ಸಂಚಿಕೆಯ ಪುಟಗಳನ್ನು ವ್ಯಯಮಾಡುವದು ಯೋಗ್ಯವೇ ಎಂಬ ಸಂದೇಹವು ನಮಗೂ ಬಂದಿತ್ತು. ಆದರೆ ಅಟ್ಟದ ಮೇಲೆ ಇಂಥದೊಂದು ಕುರ್ಚಿಯೋ ಮೇಜೋ ತೊಟ್ಟಿಲೋ ಇಲ್ಲದ ಮನೆ ನಮ್ಮ ಗೆಳತಿಯರಲ್ಲಿ ಯಾರದೂ ಇರಲಾರದೆಂದು ನೆನೆದು ಧೈರ್ಯ ತಂದುಕೊಂಡೆವು.

ನಮ್ಮ ತೌರುಮನೆಯು ಮಂಕಿಯಲ್ಲಿ, ಮಳೆಗಾಲದ ರಾತ್ರಿ ಕಡಲಿನ ಮೊರೆತ ಕೇಳುವಷ್ಟು ದೂರದಲ್ಲಿದೆ. ಅಲ್ಲಿಯ ಜಗಲಿಯಲ್ಲಿ ಸಾಗುವಾನಿಯ ಚೌಕಟ್ಟಿಗೆ ಬೆತ್ತ ಹೆಣೆದ ಆರಾಮಕುರ್ಚಿಯೊಂದುಂಟು. ಶರಾವತಿಗೆ ಸೇತುವೆಯಿಲ್ಲದ ಕಾಲದಲ್ಲಿ ನಮ್ಮ ಅಜ್ಜನವರು ಅದನ್ನು ಹೊನ್ನಾವರದಲ್ಲಿ ಮಾಡಿಸಿ, ದೋಣಿಯಲ್ಲಿ ಹೊಳೆ ದಾಟಿಸಿ, ಎತ್ತಿನ ಗಾಡಿಯಲ್ಲಿ ತಂದರಂತೆ. ಅಜ್ಜನವರ ತರುವಾಯ ತಂದೆಯವರೂ, ತಂದೆಯವರ ತರುವಾಯ ತಾಯಿಯವರೂ ಅದರಲ್ಲಿ ಕುಳಿತರು. ತಾಯಿಯವರಿಗೆ ಈಗ ಎಂಭತ್ತಾರು ವರುಷ. ಮಕ್ಕಳು ಮುಂಬಯಿಯಿಂದ ತಂದುಕೊಟ್ಟ ಮೆತ್ತನೆಯ ಆಸನವನ್ನು ಬೆಕ್ಕಿಗೆ ಬಿಟ್ಟುಕೊಟ್ಟು, ತಾವು ಈ ಕುರ್ಚಿಯನ್ನೇ ಹಿಡಿದಿದ್ದರು.

ಎರಡು ವರುಷಗಳ ಹಿಂದೆ ಅದರ ಹಿಂಗಾಲೊಂದು ಅಲುಗಾಡತೊಡಗಿತು. ನಾವು ತಡಮಾಡದೆ ಅಂಗಡಿಯಿಂದ ಮೂರು ಅಂಗುಲದ ಕಬ್ಬಿಣದ ಮೊಳೆಗಳನ್ನು ತರಿಸಿ, ತೆಂಗಿನಕಾಯಿ ಒಡೆಯುವ ಕಲ್ಲಿನಿಂದಲೇ ನಾಲ್ಕನ್ನು ಹೊಡೆದೆವು. ಕಾಲು ಅಲುಗಾಡುವದು ನಿಂತಿತು. ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡೆವು. ಬಳಿಕ ಆಷಾಢದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ತಾಯಿಯವರು ಕುಳಿತಿದ್ದಂತೆಯೇ ಆ ಕಾಲು ಕಿತ್ತು ಹೊರಬಂದು ಅವರು ಹಿಂದಕ್ಕೆ ಬಿದ್ದರು. ದೇವರ ದಯೆ, ಎಲುಬು ಮುರಿಯಲಿಲ್ಲ. ಮಣಿಕಟ್ಟು ಮಾತ್ರ ಬಾತು, ಮೂರು ವಾರ ಕೈಯಲ್ಲಿ ತುತ್ತು ಎತ್ತದಂತಾಯಿತು. ಅವರು ನಮ್ಮನ್ನು ಬೈಯಲಿಲ್ಲ. “ಅದನ್ನು ಕೊಟ್ಟುಬಿಡು, ತಂಗೀ, ಅದಕ್ಕೂ ವಯಸ್ಸಾಯಿತು” ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಹಳೆಯ ಸಾಮಾನು ಕೊಳ್ಳುವವನೊಬ್ಬನು ಬಂದು ಕುರ್ಚಿಯನ್ನು ತಿರುವಿ ನೋಡಿ ಸೌದೆಯ ಬೆಲೆಯನ್ನು ಹೇಳಿದನು. ಅದನ್ನು ಕೊಂಡೊಯ್ದು ಪಾಲಿಶ್ ಹಚ್ಚಿ ಪಟ್ಟಣದಲ್ಲಿ ಎಷ್ಟಕ್ಕೆ ಮಾರುವನೆಂಬದನ್ನು ಹೇಳಲಿಲ್ಲ. ನಾವು ಕೊಡಲೂ ಇಲ್ಲ. ಲೋಭದಿಂದಲ್ಲ; ತಾಯಿಯವರನ್ನು ಕೆಡವಿದ್ದು ಕುರ್ಚಿಯಲ್ಲ, ನಮ್ಮ ಮೊಳೆ ಎಂಬ ಶಂಕೆ ಆಗಲೇ ನಮ್ಮನ್ನು ಕೊರೆಯುತ್ತಿತ್ತು.

ಊರಿನ ವೃದ್ಧ ಆಚಾರಿಯೊಬ್ಬರು ಬಂದು ನೋಡಿದಾಗ ಆ ಶಂಕೆ ದೃಢವಾಯಿತು. ಕುರ್ಚಿಯ ಅಡ್ಡಪಟ್ಟಿಯ ತುದಿಯಲ್ಲಿ ಕೆತ್ತಿದ ನಾಲಗೆಯು ಕಾಲಿನ ಗೂಡಿನೊಳಗೆ ಹೊಕ್ಕು ಕೂರುತ್ತದೆ. ಭಾರವನ್ನು ಹೊರುವದು ಆ ನಾಲಗೆಯೇ. ನಮ್ಮ ಮೊಳೆಗಳು ಅದನ್ನು ಎಳೆಯ ಉದ್ದಕ್ಕೆ ಸೀಳಿದ್ದವು. ಮೇಲಾಗಿ ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು. ತೇವವಾದ ಕಬ್ಬಿಣವು ಮರದ ಒಗರಿನೊಡನೆ ಕೂಡಿ ಸುತ್ತಲೂ ಮಸಿಯಂತೆ ಕಪ್ಪಾಗಿಸಿತ್ತು. “ಮರಕ್ಕೆ ಮರವೇ ಮದ್ದು, ತಂಗೀ. ಅಜ್ಜ ಮಾಡಿಸಿದಾಗ ಇದರಲ್ಲಿ ಒಂದು ಮೊಳೆ ಇತ್ತೇ ನೋಡು” ಎಂದರು. ನಾವು ಹುಡುಕಿದೆವು. ಬಿದಿರಿನ ಆಣಿಗಳ ಹೊರತು ಬೇರೇನೂ ಇರಲಿಲ್ಲ.

ಸೀಳಿದ ನಾಲಗೆಯನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸವನ್ನು ಅವರೇ ಮಾಡಿದರು. ಅದು ಕಲಿತ ಕೈಯ ಕೆಲಸ. ನಾವು ಅದಕ್ಕೆ ಕೈಹಾಕಲಿಲ್ಲ, ವಾಚಕರೂ ಹಾಕದಿರುವದು ಒಳ್ಳೆಯದು. ಮಿಕ್ಕದ್ದನ್ನೆಲ್ಲ ಅವರು ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತು ನಮ್ಮಿಂದಲೇ ಮಾಡಿಸಿದರು.

ಸಡಿಲಾದ ಸಂದಿನೊಳಗೆ ಹೊರಗಿನಿಂದ ಅಂಟು ಸುರಿಯುವದು ವ್ಯರ್ಥ. ಸಂದನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಬರಿಯ ಮರ ಕಾಣುವಂತೆ ಮಾಡಬೇಕು. ಹಿಂದಿನ ಬಡಗಿಗಳು ತೊಗಲು ಎಲುಬುಗಳನ್ನು ಕುದಿಸಿ ತೆಗೆದ ಸರೇಸನ್ನು ಬಳಸುತ್ತಿದ್ದರು. ಅದಕ್ಕೊಂದು ದೊಡ್ಡ ಗುಣವಿದೆ, ಹೇಗಂದರೆ ಬಿಸಿನೀರಿನ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟರೆ ಮೆತ್ತಗಾಗಿ ಸಂದು ನೋವಿಲ್ಲದೆ ಬಿಚ್ಚಿಕೊಳ್ಳುತ್ತದೆ. 1959ರಲ್ಲಿ ಫೆವಿಕಾಲ್ ಪೇಟೆಗೆ ಬಂದಂದಿನಿಂದ ಸರೇಸಿನ ಗಡಿಗೆಗಳು ಮೂಲೆ ಸೇರುತ್ತ ಬಂದವು. ಬಿಳಿಯ ಅಂಟು ಬಲವಾದದ್ದೇ ಸರಿ; ಆದರೆ ಹಳೆಯ ಅಂಟಿನ ಮೇಲೆ ಅದು ಹಿಡಿಯದು, ಒಮ್ಮೆ ಹಿಡಿದರೆ ಮುಂದಿನವರಿಗೆ ಬಿಚ್ಚಗೊಡದು. ಆಚಾರಿಯವರು ಸರೇಸನ್ನೇ ತರಿಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕುದಿಯಗೊಡದೆ ಕಾಯಿಸಿದರು. ಅದರ ವಾಸನೆಯನ್ನು ಕುರಿತು ಏನೂ ಬರೆಯದಿರುವದೇ ಮರ್ಯಾದೆ.

ಅಂಟು ಹಚ್ಚಿ ಜೋಡಿಸಿದಮೇಲೆ ಬಿಗಿಯುವ ಯಂತ್ರ ನಮ್ಮಲ್ಲಿಲ್ಲವಲ್ಲ ಎಂದೆವು. ಅವರು ಬಾವಿಯ ಹಳೆಯ ಹಗ್ಗವನ್ನು ನಾಲ್ಕು ಕಾಲುಗಳಿಗೆ ಎರಡು ಸುತ್ತು ಸುತ್ತಿಸಿ, ನಡುವೆ ಒಂದು ಕೋಲನ್ನು ತೂರಿಸಿ ತಿರುಚಿಸಿದರು. ತಿರುಚಿದಂತೆಲ್ಲ ಸಂದುಗಳು ತಾವಾಗಿ ಒಳಸರಿದವು. ಹಗ್ಗ ಅಂಚನ್ನು ಕಚ್ಚದಂತೆ ಚಿಂದಿಯನ್ನಿಡುವದನ್ನು ಮರೆಯಬಾರದು. ಆಮೇಲೆ ಒಂದು ದಾರದಿಂದ ಕಾಲುಗಳ ನಡುವಣ ಎರಡು ಕರ್ಣಗಳನ್ನೂ ಅಳೆಯಹೇಳಿದರು. ಎರಡೂ ಸಮನಾಗಿದ್ದರೆ ಕುರ್ಚಿ ಸೊಟ್ಟವಿಲ್ಲ. ಎಂಟನೆಯ ತರಗತಿಯಲ್ಲಿ ಕಣ್ಣೀರಿಟ್ಟು ಕಲಿತ ರೇಖಾಗಣಿತವು ಐವತ್ತು ವರುಷಗಳ ಮೇಲೆ ಕೆಲಸಕ್ಕೆ ಬಂದದ್ದನ್ನು ಕಂಡು ನಮಗೆ ನಗು ಬಂತು. ಒಂದು ಹಗಲು ಒಂದು ರಾತ್ರಿ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ.

ಬೆತ್ತದ ಆಸನವು ತೊಟ್ಟಿಲಿನಂತೆ ಜೋತುಬಿದ್ದಿತ್ತು. ಎಳೆಗಳು ಕಡಿದಿದ್ದರೆ ಹೊಸತಾಗಿ ಹೆಣೆಯಿಸಬೇಕು. ಬರಿದೆ ಜೋತಿದ್ದರೆ ಕುರ್ಚಿಯನ್ನು ಬೋರಲು ಹಾಕಿ, ಪಾಲಿಶ್ ತಗಲದ ಅಡಿಮೈಗೆ ಬಿಸಿನೀರಿನ ಬಟ್ಟೆಯನ್ನು ಒತ್ತಿ ಚೆನ್ನಾಗಿ ನೆನೆಯಿಸಿ, ನೆರಳಿನಲ್ಲಿ ಒಣಗಗೊಟ್ಟರೆ ಸಾಕು. ಒಣಗುವಾಗ ಬೆತ್ತ ತಾನೇ ಬಿಗಿದುಕೊಳ್ಳುತ್ತದೆ. ಮರುದಿನ ಬೆರಳಿನಿಂದ ತಟ್ಟಿದರೆ ಡೋಲಿನಂತೆ ಸದ್ದಾಯಿತು. ಇದಕ್ಕೆ ನಮಗೆ ಒಂದು ಕಾಸೂ ಖರ್ಚಾಗಲಿಲ್ಲ. ಈ ಒಂದು ಉಪಾಯಕ್ಕಾಗಿಯಾದರೂ ವಾಚಕರು ಈ ಲೇಖನವನ್ನು ಕ್ಷಮಿಸುವರೆಂದು ನಂಬಿದ್ದೇವೆ.

ಪಾಲಿಶ್ ಹಚ್ಚಲು ನಾವು ಆತುರಪಟ್ಟಾಗ ಆಚಾರಿಯವರು ತಡೆದರು. ನಮ್ಮ ಕರಾವಳಿಯಲ್ಲಿ ವರುಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರದೊಳಗೇ ಸುರಿಯುತ್ತದೆ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ ಪಾಲಿಶನ್ನು ಅಂಥ ಗಾಳಿಯಲ್ಲಿ ಹಚ್ಚಿದರೆ, ಸ್ಪಿರಿಟು ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಹಾಲಿನಂತೆ ಬೆಳ್ಳಗಾಗುತ್ತದೆ. ಮೇಜಿನ ಡ್ರಾವರಿನ ಸಂಗತಿಯೂ ಹೀಗೆಯೇ. ಮರವು ತೇವಕ್ಕೆ ಉದ್ದಕ್ಕೆ ಹಿಗ್ಗುವದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ; ಆದುದರಿಂದ ಶ್ರಾವಣದಲ್ಲಿ ಡ್ರಾವರು ಸಿಕ್ಕಿಕೊಂಡಿತೆಂದು ಹತ್ತರಿ ಹೊಡೆಯಿಸಿದವರು ಮಾಘದಲ್ಲಿ ಅದರ ಸುತ್ತ ಬೆರಳು ತೂರುವಷ್ಟು ಸಂದನ್ನು ಕಾಣುವರು. ಮೇಣದಬತ್ತಿಯನ್ನು ಅದರ ಅಂಚುಗಳಿಗೆ ಉಜ್ಜಿ ಬೇಸಗೆಯನ್ನು ಕಾಯುವದು ಜಾಣತನ. ನಾವು ಕಾದೆವು. ಪುಷ್ಯದ ಬಿಸಿಲಿನಲ್ಲಿ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಉಜ್ಜಿದೆವು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಅಗಸೆ ಎಣ್ಣೆ ಹೀರಿದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಅವು ಒಳಗೊಳಗೇ ಕಾದು ತಾವಾಗಿ ಹೊತ್ತಿಕೊಳ್ಳಬಲ್ಲವು. ಹೊರಗೆ ಹರವಿ ಒಣಗಿಸಿ, ಆಮೇಲೆ ಬಿಸಾಡಬೇಕು.

ಕುಟ್ಟೆಹುಳದ ಭಯವೂ ನಮಗಿತ್ತು. ಅದು ಚೇಗನ್ನು ಬಿಟ್ಟು ಹೊರಗಿನ ಬಿಳಿಯ ಮರವನ್ನು ತಿನ್ನುತ್ತದೆ. ತೂತುಗಳಿದ್ದ ಮಾತ್ರಕ್ಕೆ ಹುಳವಿದೆಯೆಂದಲ್ಲ. ಕೆಳಗೆ ಕಪ್ಪು ಬಟ್ಟೆ ಹಾಸಿ ಒಂದು ವಾರ ನೋಡಬೇಕು. ಹಿಟ್ಟು ಉದುರಿದರೆ ಒಳಗೆ ಜೀವವಿದೆ. ಪಾಲಿಶಿಲ್ಲದ ಅಡಿಭಾಗಕ್ಕೆ ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಬಹುದು. ನಮ್ಮ ಕಡೆಯವರು ತೊಲೆಗಳಿಗೂ ದೋಣಿಗಳಿಗೂ ಗೇರುಸಿಪ್ಪೆಯ ಎಣ್ಣೆಯನ್ನು ಬಳಿಯುತ್ತ ಬಂದಿದ್ದಾರೆ. ಅದು ಹುಳಕ್ಕೆ ಯಮನಾದರೂ ಚರ್ಮವನ್ನೂ ಸುಡುವದರಿಂದ, ಕೂರುವ ಮಲಗುವ ವಸ್ತುಗಳಿಗೆ ಸಲ್ಲದು.

ಸಣ್ಣ ತಗ್ಗುಗಳಿಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒಂದೆರಡು ಕ್ಷಣ ಒತ್ತಿದರೆ, ಆವಿಗೆ ಅಮುಕಿದ ಎಳೆಗಳು ಮೇಲೆದ್ದು ಸಮನಾಗುತ್ತವೆ. ಆದರೆ ಇದರಿಂದ ಕೊರೆದ ಗೀರು ಹೋಗದು. ಶಾಲೆಯ ಡೆಸ್ಕುಗಳ ಮೇಲೆ ಕೈವಾರದ ಮೊನೆಯಿಂದ ಹೆಸರು ಕೊರೆದ ಗೆಳತಿಯರು, ತಾವು ಯಾರೆಂಬದು ಅವರಿಗೇ ಗೊತ್ತು, ಈ ವಿಷಯದಲ್ಲಿ ನಿಶ್ಚಿಂತರಾಗಿರಬಹುದು. ಅಜ್ಜನವರ ಕುರ್ಚಿಯ ಕೈಯ ಮೇಲೂ ಅವರ ನಶ್ಯದ ಡಬ್ಬಿ ಕೂತು ಕೂತು ಆದ ಒಂದು ದುಂಡನೆಯ ಗುರುತಿದೆ. ಮರಳುಕಾಗದದಿಂದ ಅದನ್ನು ತೆಗೆದುಬಿಡುವೆವೆಂದು ಹೊರಟವರು ಅಷ್ಟು ಭಾಗವನ್ನು ಬಿಟ್ಟು ಸುತ್ತಲೂ ಉಜ್ಜಿದೆವು.

ಕುರ್ಚಿ ಜಗಲಿಗೆ ಮರಳಿದ ದಿನ ತಾಯಿಯವರು ಬಹಳ ಹೊತ್ತು ಅದರ ಬಳಿ ಬರಲಿಲ್ಲ. ನಾವು ಒಬ್ಬೊಬ್ಬರಾಗಿ ಕುಳಿತು, ಹಿಂದಕ್ಕೊರಗಿ, ಮೈಭಾರವನ್ನೆಲ್ಲ ಹಾಕಿ ತೋರಿಸಿದೆವು. ಆಚಾರಿಯವರೂ ಕುಳಿತರು. ಸಂಜೆ ನಾವು ಒಳಗೆ ಚಹಾ ಮಾಡುತ್ತಿರುವಾಗ ಬೆತ್ತ ಕಿರುಗುಟ್ಟಿದ್ದು ಕೇಳಿಸಿತು. ಹೊರಗೆ ಬಂದು ನೋಡಲು ಅವರು ಕಾಲು ನೀಡಿ ಕುಳಿತಿದ್ದರು. ಒಂದು ಕೈ ಅಜ್ಜನವರ ಗುರುತಿನ ಮೇಲಿತ್ತು.

“ಎಡಗಡೆ ಸ್ವಲ್ಪ ತಗ್ಗಾಗಿದೆ” ಎಂದರು.

ದಾರ ಹಿಡಿದು ಮತ್ತೆ ಅಳೆದೆವು. ಸಮನಾಗಿಯೇ ಇತ್ತು. “ಹಾಗಾದರೆ ಇಷ್ಟು ದಿನ ಎತ್ತರವಾಗಿತ್ತು” ಎಂದು ಹೇಳಿ ಅವರು ಚಹಾದ ಲೋಟಕ್ಕೆ ಕೈನೀಡಿದರು.