ಅರ್ಥ ಬರುತ್ತದೆ, ವಾಕ್ಯ ಬರುವುದಿಲ್ಲ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಕೈಯಲ್ಲಿ ಒಂದೇ ಬಗೆಯ ನೋಟ್‌ಬುಕ್ ಕಾಣುತ್ತದೆ. ಸ್ಕೇಲಿನಿಂದ ಗೆರೆ ಎಳೆದು ಪುಟವನ್ನು ಮೂರು ಕಾಲಂ ಮಾಡಿರುತ್ತಾರೆ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಅರ್ಥ, ಮೂರನೆಯದರಲ್ಲಿ ಒಂದು ವಾಕ್ಯ. ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಬಂದವರು ಇವರು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಬೆಳಗಿನ ಜಾವಕ್ಕೆ ಎದ್ದು ಈ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾರೆ. ಶ್ರಮದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಪತ್ರ ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ. ಯಾಕೆ ಹೀಗೆ?

*

ಒಬ್ಬ ಹುಡುಗಿಯ ನೋಟ್‌ಬುಕ್ ಕೇಳಿ ತೆಗೆದುಕೊಂಡು ನೋಡಿದೆ. ದುಂಡನೆಯ ಅಕ್ಷರ. ‘ರಿಲಕ್ಟಂಟ್’, ಮನಸ್ಸಿಲ್ಲದ, ‘ಹಿ ಈಸ್ ರಿಲಕ್ಟಂಟ್’. ಅದರ ಕೆಳಗೆ ‘ಬೆನೆವೊಲೆಂಟ್’, ದಯಾಳು, ‘ಹಿ ಈಸ್ ಬೆನೆವೊಲೆಂಟ್’. ಅದರ ಕೆಳಗೆ ‘ಫ್ರೂಗಲ್’, ಮಿತವ್ಯಯಿ, ‘ಹಿ ಈಸ್ ಫ್ರೂಗಲ್’. ಪುಟ ತುಂಬ ಹೀಗೇ ಇತ್ತು.

“ರಿಲಕ್ಟಂಟ್ ಹಾಕಿ ಇನ್ನೊಂದು ವಾಕ್ಯ ಹೇಳವ್ವಾ” ಎಂದೆ.

“ಅರ್ಥ ಗೊತ್ತೈತ್ರಿ ಸರ್. ವಾಕ್ಯ ಹೊಂದ್ಸಾಕ ಬರೂದಿಲ್ರಿ” ಎಂದಳು.

ಅವಳ ಮಾತಿನಲ್ಲಿ ರೋಗದ ಲಕ್ಷಣ ಸರಿಯಾಗಿಯೇ ಇತ್ತು. ಕಾರಣ ಹುಡುಕುವುದು ನಮ್ಮಂಥವರ ಕೆಲಸ.

*

ಆ ಮೂರನೆಯ ಕಾಲಂ ನೋಡಿದಷ್ಟೂ ಬಿಡದೆ ಕಾಡುತ್ತದೆ. ‘ಹಿ ಈಸ್ ರಿಲಕ್ಟಂಟ್’ ಎಂಬಲ್ಲಿ ಕೊನೆಯ ಪದ ತೆಗೆದು ‘ಟಾಲ್’ ಎಂದಿಟ್ಟರೂ ವಾಕ್ಯ ನಿಲ್ಲುತ್ತದೆ, ‘ಹ್ಯಾಪಿ’ ಎಂದಿಟ್ಟರೂ ನಿಲ್ಲುತ್ತದೆ. ಯಾವ ಪದ ಬಂದರೂ ಕೂರಿಸಿಕೊಳ್ಳುವ ವಾಕ್ಯ ಯಾವ ಪದದ ಬಗ್ಗೆಯೂ ಏನೂ ಹೇಳುವುದಿಲ್ಲ. ವಾಕ್ಯ ಬರೆದಿದ್ದೇನೆ ಎಂಬ ಸಮಾಧಾನ ಮಾತ್ರ ಉಳಿಯುತ್ತದೆ.

ಅದರ ಬದಲು ‘ದಿ ಬಾಯ್ ವಾಸ್ ರಿಲಕ್ಟಂಟ್ ಟು ಓಪನ್ ದಿ ಗೇಟ್ ಬಿಕಾಸ್ ಆಫ್ ದಿ ಡಾಗ್’ ಎಂದಿದ್ದರೆ? ಗೇಟಿನಾಚೆ ನಾಯಿ ಇದೆ, ಹುಡುಗ ಚಿಲಕದ ಮೇಲೆ ಕೈಯಿಟ್ಟು ಹಿಂದೆ ಮುಂದೆ ನೋಡುತ್ತಿದ್ದಾನೆ. ಅರ್ಥದ ಕಾಲಂ ಮುಚ್ಚಿದರೂ ಅರ್ಥ ಹೊಳೆಯುತ್ತದೆ. ಜೊತೆಗೆ, ಈ ಪದದ ಮುಂದೆ ‘ಟು’ ಬಂದು ಆಮೇಲೆ ಕ್ರಿಯಾಪದ ಬರುತ್ತದೆ ಎಂಬುದನ್ನು ವ್ಯಾಕರಣದ ಪಾಠವಿಲ್ಲದೆಯೇ ಕಣ್ಣು ಕಲಿಯುತ್ತದೆ. ಆ ಹುಡುಗಿಗೆ ವಾಕ್ಯ ಹೊಂದಿಸಲು ಬಾರದಿದ್ದದ್ದು ಈ ‘ಟು’ ಎಂಬ ಕೊಂಡಿ ಅವಳ ನೋಟ್‌ಬುಕ್ಕಿನಲ್ಲಿ ಇಲ್ಲದ್ದರಿಂದ.

*

ಇನ್ನೊಬ್ಬ ಹುಡುಗ ಇಂಗ್ಲಿಷ್ ಪತ್ರಿಕೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದ. ಮಂತ್ರಿಗಳು ಸಭೆಯನ್ನು ‘ಅಡ್ರೆಸ್’ ಮಾಡಿದರು ಎಂದಿತ್ತು. ಅವನ ಪಟ್ಟಿಯಲ್ಲಿ ‘ಅಡ್ರೆಸ್’ ಎಂದರೆ ವಿಳಾಸ. ಅದೇ ಪುಟದ ಕೆಳಗಡೆ, ಕುಡಿಯುವ ನೀರಿನ ಸಮಸ್ಯೆಯನ್ನು ‘ಅಡ್ರೆಸ್’ ಮಾಡಬೇಕು ಎಂದು ಬೇರೆ ಇತ್ತು. ಪದಕ್ಕೊಂದು ಅರ್ಥ ಎಂದು ಕಾಲಂ ಎಳೆದವರು ಯಾರು? ನಾವೇ, ಶಾಲೆಯಲ್ಲಿ. ಪಾಠದ ಕೊನೆಯಲ್ಲಿ ‘ಪದಗಳ ಅರ್ಥ’ ಬರೆಸಿ ಮುಗಿಸಿದ ಮೇಷ್ಟರುಗಳೆಲ್ಲ ಇದರಲ್ಲಿ ಭಾಗಿಗಳು.

ಅರ್ಥ ಗೊತ್ತಿದ್ದವರೂ ‘ಡಿಸ್ಕಸ್ ಅಬೌಟ್’ ಎನ್ನುತ್ತಾರೆ. ವಿಷಯದ ‘ಬಗ್ಗೆ’ ಚರ್ಚಿಸುವುದು ನಮ್ಮ ರೂಢಿ. ಇಂಗ್ಲಿಷಿನ ಆ ಪದ ‘ಅಬೌಟ್’ ಕೇಳುವುದಿಲ್ಲ. ಬಿಡುವಿನಲ್ಲಿ ಇವರು ಕುಡಿಯುವ ಖಡಕ್ ಚಹಾ ಇಂಗ್ಲಿಷಿನಲ್ಲಿ ‘ಸ್ಟ್ರಾಂಗ್ ಟೀ’, ಆದರೆ ಜೋರು ಮಳೆ ‘ಹೆವಿ ರೈನ್’. ಮಳೆಗೆ ‘ಸ್ಟ್ರಾಂಗ್’ ಯಾಕೆ ಸಲ್ಲದು ಎಂದು ಕೇಳಿದರೆ ಕಾರಣ ಹೇಳಲಾಗದು. ಹಾಗೆ ಹೇಳುವ ವಾಕ್ಯವನ್ನು ತೋರಿಸಬಹುದು, ಅಷ್ಟೇ.

*

ಹಿಂದಿನವರು ಹೇಗೆ ಕಲಿತರು ಎಂಬುದು ನನ್ನ ಇನ್ನೊಂದು ಗೊಂದಲ. ಸಂಸ್ಕೃತ ಕಲಿಯುವ ಹುಡುಗರು ಅಮರಕೋಶ ಬಾಯಿಪಾಠ ಮಾಡುತ್ತಿದ್ದರು. ಅದರಲ್ಲಿ ಉದಾಹರಣೆ ವಾಕ್ಯಗಳಿಲ್ಲ, ಪರ್ಯಾಯ ಪದಗಳನ್ನು ಶ್ಲೋಕದಲ್ಲಿ ಪೋಣಿಸಿದ ಪಟ್ಟಿ ಅದು. ಮೂರು ಕಾಲಂ ನೋಟ್‌ಬುಕ್ಕಿಗಿಂತಲೂ ಬರಿದು. ಹಾಗಿದ್ದರೂ ಕಲಿತವರು ಕಾವ್ಯ ಓದಿದರು, ಬರೆದರು. ನನಗೆ ತೋಚುವ ಉತ್ತರವೆಂದರೆ, ಕೋಶದ ಹಿಂದೆಯೇ ಗುರು ಕಾವ್ಯಪಾಠ ಹೇಳುತ್ತಿದ್ದರು. ಪಟ್ಟಿಯಲ್ಲಿ ಕಂಡ ಪದ ಪದ್ಯದಲ್ಲಿ ಮತ್ತೆ ಎದುರಾಗುತ್ತಿತ್ತು. ನಮ್ಮ ಹುಡುಗರ ಪಟ್ಟಿಯ ಹಿಂದೆ ಓದು ಬರುವುದಿಲ್ಲ, ಇನ್ನೊಂದು ಪಟ್ಟಿ ಬರುತ್ತದೆ.

ಕನ್ನಡದಲ್ಲಂತೂ ದಾರಿ ಸ್ಪಷ್ಟವಾಗಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳುತ್ತಾನೆ, ವೃತ್ತಿ ಬರೆಯುತ್ತಾನೆ, ಅಲ್ಲಿಗೆ ನಿಲ್ಲದೆ ‘ಪ್ರಯೋಗ’ ಕೊಡುತ್ತಾನೆ. ತನಗಿಂತ ಹಿಂದಿನ ಕವಿಗಳು ಆಡಿದ್ದನ್ನು ಎತ್ತಿ ತೋರಿಸುತ್ತಾನೆ. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿದವನು ಫರ್ಡಿನೆಂಡ್ ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಅವನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯದ ಆಧಾರಗಳೂ ಇವೆ, ಜನರ ಬಾಯಿಂದ ಬಂದ ಗಾದೆಗಳೂ ಇವೆ. ಧಾರವಾಡದಲ್ಲಿ ಅವನ ಹೆಸರಿನ ಕಾಲೇಜೇ ಇದೆ. ಜರ್ಮನಿಯವನೊಬ್ಬ ನಮ್ಮ ಭಾಷೆಯನ್ನು ಪ್ರಯೋಗಗಳ ಮೂಲಕ ಕಲಿತು ಅಷ್ಟು ದೊಡ್ಡ ಕೋಶ ಕಟ್ಟಿದ. ಅವನ ಹೆಸರಿನ ಕಾಲೇಜಿರುವ ಊರಿನಲ್ಲೇ ಈ ಮಕ್ಕಳು ಪ್ರಯೋಗವಿಲ್ಲದೆ ಇಂಗ್ಲಿಷ್ ಕಲಿಯಲು ಹೆಣಗುತ್ತಿದ್ದಾರೆ.

*

ಇಂಗ್ಲಿಷಿನವರಿಗೂ ಇದು ಹೊಸ ವಿಚಾರವಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ 42 ಸಾವಿರಕ್ಕೂ ಹೆಚ್ಚು ಪದಗಳಿಗೆ ಪುಸ್ತಕಗಳಿಂದ ಆಯ್ದ 1 ಲಕ್ಷಕ್ಕೂ ಮೀರಿದ ಉಲ್ಲೇಖಗಳನ್ನು ಕೊಟ್ಟ. ಆಕ್ಸ್‌ಫರ್ಡಿನ ಮಹಾಕೋಶ 1928ರಲ್ಲಿ ಮುಗಿಯುವ ಹೊತ್ತಿಗೆ ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ಚೀಟಿಗಳ ಮೇಲೆ ವಾಕ್ಯ ಬರೆದು ಕಳಿಸಿದ್ದರು.

ಆದರೆ ಇವು ಭಾಷೆ ಬಲ್ಲವರ ಕೋಶಗಳು. ಕಲಿಯುವವರಿಗೆಂದೇ ಮಾಡಿದ ಕೋಶಗಳ ಬೇರು ಏಷ್ಯಾದಲ್ಲಿದೆ ಎಂದು ತಿಳಿದಾಗ ಅಚ್ಚರಿಪಟ್ಟೆ. ಮೈಕೆಲ್ ವೆಸ್ಟ್ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದು ಬಂಗಾಳಿ ಹುಡುಗರ ಇಂಗ್ಲಿಷ್ ಓದನ್ನು ಹತ್ತಿರದಿಂದ ಕಂಡವನು. ಕಷ್ಟದ ಪದಕ್ಕೆ ಅದಕ್ಕಿಂತ ಕಷ್ಟದ ಪದಗಳಲ್ಲಿ ಅರ್ಥ ಹೇಳುವುದರಲ್ಲಿ ಪ್ರಯೋಜನವೇನು? 1935ರ ತನ್ನ ಕೋಶದಲ್ಲಿ ಅವನು ಸುಮಾರು 24 ಸಾವಿರ ಪದ-ನುಡಿಗಟ್ಟುಗಳನ್ನು 1,490 ಪದಗಳಷ್ಟರಲ್ಲೇ ವಿವರಿಸಿದ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತ ಸಿದ್ಧಪಡಿಸಿದ ಕೋಶ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ನಮ್ಮ ಗ್ರಂಥಾಲಯಗಳಲ್ಲಿರುವ ಆಕ್ಸ್‌ಫರ್ಡಿನ ‘ಅಡ್ವಾನ್ಸ್ಡ್ ಲರ್ನರ್ಸ್’ ಕೋಶದ ಮೂಲ ಅದೇ. ಯಾವ ಕ್ರಿಯಾಪದದ ಮುಂದೆ ಏನು ಬರಬೇಕು ಎಂಬುದನ್ನು ವಾಕ್ಯಗಳಲ್ಲಿ ತೋರಿಸಿಕೊಟ್ಟದ್ದು ಅದರ ಹೆಚ್ಚುಗಾರಿಕೆ.

1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ತಂಡದ ‘ಕೋಬಿಲ್ಡ್’ ಬಂತು. ಬರಹ ಮಾತುಗಳ ದೊಡ್ಡ ಸಂಗ್ರಹವನ್ನು ಕಂಪ್ಯೂಟರಿಗೆ ಹಾಕಿ, ಜನ ನಿಜವಾಗಿ ಬಳಸಿದ ವಾಕ್ಯಗಳನ್ನೇ ಅದರಲ್ಲಿ ಕೊಟ್ಟರು. ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳಿದರು. ಉದಾಹರಣೆಯನ್ನು ನಿಘಂಟುಕಾರ ತಾನೇ ಹೊಸೆಯಬಾರದು ಎಂಬುದು ಅವರ ಪಟ್ಟು. ಇಲ್ಲಿ ಮಾತ್ರ ನನ್ನ ಮನಸ್ಸು ಎರಡಾಗುತ್ತದೆ. ಜನ ಆಡಿದ ವಾಕ್ಯ ಸುಳ್ಳಾಡುವುದಿಲ್ಲ, ನಿಜ. ಆದರೆ ಅದರಲ್ಲಿ ಮತ್ತೆ ನಾಲ್ಕು ಹೊಸ ಪದಗಳಿದ್ದರೆ ಕೊಪ್ಪಳದ ಹುಡುಗಿ ಏನು ಮಾಡಬೇಕು? ಮೊದಲ ಹೆಜ್ಜೆಗೆ ಹಾರ್ನ್‌ಬಿಯಂತೆ ಬಲ್ಲವರು ಕಟ್ಟಿಕೊಟ್ಟ ಹಗುರ ವಾಕ್ಯ, ಕಾಲು ನೆಲೆಯೂರಿದ ಮೇಲೆ ಸಿಂಕ್ಲೇರನ ದಾರಿ. ಸದ್ಯಕ್ಕೆ ನನ್ನ ಒಲವು ಹೀಗಿದೆ.

*

ಪಟ್ಟಿಗಳೆಲ್ಲ ‘ಅಬಾಂಡನ್’ನಿಂದ ಯಾಕೆ ಶುರುವಾಗಬೇಕು? ಅಕಾರಾದಿ ಕ್ರಮ ಹುಡುಕುವವನ ಅನುಕೂಲಕ್ಕೆ ಇರುವುದು, ಕಲಿಯುವವನಿಗಲ್ಲ. ‘ಅಬಾಂಡನ್’, ‘ಅಬೇಟ್’, ‘ಅಬ್ಡಿಕೇಟ್’, ‘ಅಬ್ಹಾರ್’ ಒಟ್ಟೊಟ್ಟಿಗೆ ಬಂದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ 1949ರಷ್ಟು ಹಿಂದೆಯೇ ಈ ಕ್ರಮ ಬಿಟ್ಟು ಪದಮೂಲದ ಸುತ್ತ ಪದಗಳನ್ನು ಕೂರಿಸಿತ್ತು. ಆ ಪುಸ್ತಕ ಇಲ್ಲಿ ಅನೇಕರ ಮೇಜಿನ ಮೇಲಿದೆ. ಅದರ ಪಕ್ಕದಲ್ಲೇ ಅಕಾರಾದಿ ಪಟ್ಟಿಯ ಝೆರಾಕ್ಸ್ ಪ್ರತಿಯೂ ಇದೆ, ಹೆಚ್ಚು ಮಾಸಿದ್ದು ಆ ಝೆರಾಕ್ಸ್.

*

ನೋಟ್‌ಬುಕ್ಕುಗಳು ಮುಂದಕ್ಕೆ ಮಾತ್ರ ತುಂಬುತ್ತವೆ, ಹಿಂದಿನ ಪುಟ ತಿರುವಿದವರು ಕಡಿಮೆ. ಹಾಗಾಗಿ ಕಲಿತದ್ದು ಮರೆತುಹೋಗುತ್ತದೆ. 1885ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನಕ್ಕಾಗಿ ಹರ್ಮನ್ ಎಬ್ಬಿಂಗ್‌ಹೌಸ್ ಮರೆವಿನ ವೇಗ ಅಳೆಯಲು ಅರ್ಥವಿಲ್ಲದ ಉಚ್ಚಾರಗಳನ್ನು ಕಟ್ಟಿಕೊಂಡು ಬಾಯಿಪಾಠ ಮಾಡಿದ. ಅರ್ಥವಿದ್ದರೆ ನೆನಪಿಗೆ ಆಸರೆ ಸಿಕ್ಕಿ ಲೆಕ್ಕ ತಪ್ಪುತ್ತದೆ ಎಂದೇ ಅದನ್ನು ಹೊರಗಿಟ್ಟ. ಒಬ್ಬ ವಿಜ್ಞಾನಿ ಪ್ರಯೋಗಕ್ಕೆ ಬೇಡವೆಂದು ಕಷ್ಟಪಟ್ಟು ಕಿತ್ತುಹಾಕಿದ ಆಸರೆಯನ್ನು, ಈ ಮಕ್ಕಳು ಪದವನ್ನು ವಾಕ್ಯದಿಂದ ಬಿಡಿಸಿ ತಂದು ತಾವಾಗಿಯೇ ಕಳೆದುಕೊಳ್ಳುತ್ತಿದ್ದಾರೆ.

*

ಮೊನ್ನೆ ಅದೇ ಹುಡುಗಿಯ ಜೊತೆ ಕೂತು ಬೇರೆ ರೀತಿ ನೋಡಿದೆವು. ಪತ್ರಿಕೆಯಲ್ಲಿ ಪದ ಸಿಕ್ಕ ಸಾಲನ್ನು ಅವಳು ಪೂರ್ತಿ ಬರೆದುಕೊಂಡಳು, ಅದರ ಕೆಳಗೆ ತನ್ನ ಬದುಕಿನ ಒಂದು ಸಾಲು. ‘ಮೈ ಫಾದರ್ ವಾಸ್ ರಿಲಕ್ಟಂಟ್ ಟು ಸೆಂಡ್ ಮಿ ಟು ಧಾರವಾಡ’ ಎಂದು ಬರೆದಳು. ಆಮೇಲೆ ಆ ಪದದ ಮೇಲೆ ಬೆರಳಿಟ್ಟು ಮುಚ್ಚಿ ಗೆಳತಿಗೆ ತೋರಿಸಿದಳು. ಗೆಳತಿ ಮೊದಲು ‘ಅಫ್ರೇಡ್’ ಎಂದಳು, ಆಮೇಲೆ ‘ರಿಲಕ್ಟಂಟ್’ ಎಂದಳು. ಅಂಜಿಕೆಗೂ ಒಲ್ಲದ ಮನಸ್ಸಿಗೂ ಇರುವ ವ್ಯತ್ಯಾಸದ ಮೇಲೆ ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಮೂರು ಕಾಲಂ ಕಲಿಸದ್ದನ್ನು ಆ ವಾದ ಕಲಿಸಿತು ಎಂದು ನಾನು ನಂಬಿದ್ದೇನೆ.

*

ಓದುಗರಲ್ಲಿ ಒಂದು ಕೋರಿಕೆ. ಮನೆಯ ಮಗುವೋ ಪಕ್ಕದ ಮನೆಯ ಹುಡುಗನೋ ಇಂಗ್ಲಿಷ್ ಪದವೊಂದನ್ನು ಹಿಡಿದು ಬಂದು ಇದರ ಅರ್ಥವೇನು ಎಂದು ಕೇಳಿದರೆ ತಕ್ಷಣ ಕನ್ನಡ ಪದ ಕೊಟ್ಟು ಕಳಿಸಬೇಡಿ. ಯಾವ ವಾಕ್ಯದಲ್ಲಿ ಬಂತು ಎಂದು ಕೇಳಿ, ಆ ವಾಕ್ಯವನ್ನು ತರಿಸಿ ಓದಿಸಿ, ಆಮೇಲೆ ಅರ್ಥ ಹೇಳಿ.