ಲೇಖಕರು: ದುಡಿ

ನಮ್ಮ ಕನ್ನಡ ಸಂಘದ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ, ಅದರಲ್ಲಿ ಇನ್ನೂರು ಚಿಲ್ಲರೆ ಪುಸ್ತಕ. ಯಾರು ಯಾವುದನ್ನ ಒಯ್ದರು ಅಂತ ಬರೆಯೋಕೆ ಒಂದು ಉದ್ದದ ನೋಟ್‌ಬುಕ್ ಇತ್ತು. ಅದರ ಕೈಬರಹ ಬರೆದವರಿಗೆ ಮಾತ್ರ ಅರ್ಥ ಆಗ್ತಿತ್ತು. ಸೆಕೆಂಡ್ ಇಯರ್‌ಗೆ ಬಂದ ಮೇಲೆ ಬೀರುವಿನ ಬೀಗದ ಕೈ ನಮ್ಮ ಮೂವರ ಕೈಗೆ ಬಂತು. ‘ಇಂಜಿನಿಯರಿಂಗ್ ಓದ್ತಾ ಇದೀವಿ, ಇನ್ನೂ ನೋಟ್‌ಬುಕ್ಕಾ?’ ಅಂದುಕೊಂಡು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯಲು ಕೂತೆವು. ಫೈಲ್ ಹ್ಯಾಂಡ್ಲಿಂಗ್ ಅನ್ನೋದು ಫಸ್ಟ್ ಇಯರ್‌ನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಮರುದಿನವೇ ಮರೆತ ಪಾಠ.

ರೆಕಾರ್ಡುಗಳನ್ನ ಬೈನರಿಯಲ್ಲಿ ಬರೆಯಬಹುದಿತ್ತು. ಆದರೆ ನಾವು ಪಾಸಾಗಿ ಹೋದ ಮೇಲೆ, ನಮ್ಮ ಪ್ರೋಗ್ರಾಂ ಇಲ್ಲದಿದ್ದರೂ ಯಾರಾದರೂ ತೆರೆದು ಓದುವಂತಿರಲಿ ಅಂತ ಟೆಕ್ಸ್ಟ್ ಫೈಲನ್ನೇ ಆರಿಸಿಕೊಂಡೆವು. ಒಂದು ಸಾಲಿಗೆ ಒಂದು ಪುಸ್ತಕ: ಹೆಸರು, ಲೇಖಕ, ಎಷ್ಟು ಪ್ರತಿ. ಓದೋಕೆ ಎಫ್‌ಸ್ಕ್ಯಾನ್‌ಎಫ್: ಎರಡು ‘%ಎಸ್’, ಒಂದು ‘%ಡಿ’. ಮೊದಲ ಸಾಲಿನಲ್ಲಿ ‘ಕರ್ವಾಲೊ ತೇಜಸ್ವಿ 2’ ಅಂತ ಹಾಕಿದೆವು. ಸರಿಯಾಗಿ ಬಂತು. ಚಪ್ಪಾಳೆ.

ಎರಡನೇ ಸಾಲು ‘ಚೋಮನ ದುಡಿ ಕಾರಂತ 1’. ಸ್ಕ್ರೀನ್ ಮೇಲೆ ಬಂದದ್ದು: ಪುಸ್ತಕ ಚೋಮನ, ಲೇಖಕರು ದುಡಿ. ಅದರ ಕೆಳಗೆ ಇನ್ನೊಂದು ಪುಸ್ತಕ, ಹೆಸರು ‘ಕಾರಂತ’, ಅದನ್ನ ಬರೆದವರು ‘1’. ನಕ್ಕು ನಕ್ಕು ಸಾಕಾಯ್ತು. ಆಮೇಲೆ ಕಾರಣ ಹುಡುಕಿದೆವು. ‘%ಎಸ್’ ಖಾಲಿ ಜಾಗ ಕಂಡ ತಕ್ಷಣ ನಿಲ್ಲುತ್ತೆ. ‘%ಡಿ’ಗೆ ಅಂಕಿಯ ಬದಲು ಅಕ್ಷರ ಸಿಕ್ಕರೆ ಅದನ್ನ ಮುಟ್ಟದೆ ಅಲ್ಲೇ ಬಿಡುತ್ತೆ, ಮುಂದಿನ ಸುತ್ತಿನಲ್ಲಿ ಅದೇ ಅಕ್ಷರ ಪುಸ್ತಕದ ಹೆಸರಾಗುತ್ತೆ. ಎಷ್ಟು ಭಾಗ ತುಂಬಿತು ಅಂತ ಎಫ್‌ಸ್ಕ್ಯಾನ್‌ಎಫ್ ಪ್ರತಿ ಸಲವೂ ಒಂದು ಸಂಖ್ಯೆ ವಾಪಸ್ ಕೊಡುತ್ತೆ. ಮೂರು ಬರಬೇಕಾದಲ್ಲಿ ಎರಡು ಬಂದಿತ್ತು, ನಾವು ಕೇಳಿಯೇ ಇರಲಿಲ್ಲ. ಕೊನೆಯ ಪುಸ್ತಕ ‘ಪರ್ವ’ ಎರಡು ಸಲ ಬರುತ್ತಿತ್ತು, ಅದಕ್ಕೂ ಇಂಥದ್ದೇ ಕಾರಣ. ಫೈಲ್ ಮುಗಿದಿದೆ ಅನ್ನೋದು ಎಫ್‌ಇಓಎಫ್‌ಗೆ ಗೊತ್ತಾಗೋದು, ಒಮ್ಮೆ ಓದಲು ಹೋಗಿ ಸೋತ ಮೇಲೆ ಮಾತ್ರ. ಸೋತ ಓದಿನ ನಂತರವೂ ನಾವು ಹಳೆಯ ಬೆಲೆಯನ್ನೇ ಪ್ರಿಂಟ್ ಮಾಡುತ್ತಿದ್ದೆವು.

ಹಾಗಾಗಿ ಖಾಲಿ ಜಾಗ ಬಿಟ್ಟು, ನಡುವೆ ‘|’ ಗೆರೆ ಹಾಕಿದೆವು. ಪುಸ್ತಕ ಒಯ್ದವರ ಹೆಸರಿಗೆ ನಾಲ್ಕನೇ ಕಾಲಂ ಬಂತು. ಎಫ್‌ಗೆಟ್ಸ್‌ನಿಂದ ಪೂರ್ತಿ ಸಾಲು ಓದಿ, ಆಮೇಲೆ ಎಸ್‌ಸ್ಕ್ಯಾನ್‌ಎಫ್‌ನಿಂದ ಗೆರೆ ಗೆರೆಗೆ ಬಿಡಿಸುವುದು. ಬೀರುವಿನಲ್ಲೇ ಇರುವ ಪುಸ್ತಕಕ್ಕೆ ಕೊನೆಯ ಕಾಲಂ ಖಾಲಿ ಬಿಟ್ಟರೆ ಎಸ್‌ಸ್ಕ್ಯಾನ್‌ಎಫ್ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಕನಿಷ್ಠ ಒಂದು ಅಕ್ಷರ ಇರಲೇಬೇಕು. ಸ್ಟ್ರ್‌ಟಾಕ್ ಬಳಸಿ ನೋಡಿದರೂ ಅಷ್ಟೇ, ಅದು ಖಾಲಿ ಕಾಲಂ ಹಾರಿಸಿಬಿಡುತ್ತೆ. ಕೊನೆಗೆ ಖಾಲಿ ಅನ್ನೋದಕ್ಕೆ ‘-’ ಅಂತ ಬರೆಯುವುದೆಂದು ನಮ್ಮಲ್ಲೇ ಒಪ್ಪಂದ ಆಯ್ತು.

ಇನ್ನೊಂದು ಪೆಟ್ಟು ‘ಮಲೆಗಳಲ್ಲಿ ಮದುಮಗಳು’ ಕಡೆಯಿಂದ ಬಿತ್ತು. ಹೆಸರಿಗೆ 30 ಬೈಟಿನ ಅರೇ ಇಟ್ಟಿದ್ದೆವು. ಬಂದದ್ದು ‘ಮಲೆಗಳಲ್ಲಿ’, ಆಮೇಲೆ ಪ್ರಶ್ನೆ ಚಿಹ್ನೆ ಇರುವ ಒಂದು ಕಪ್ಪು ಚೌಕುಳಿ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಗುರುತಿಗೂ 3 ಬೈಟ್ ಬೇಕು. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ‘ಲ್ಲಿ’ಗೆ 12 ಬೈಟ್, ಆ ಪೂರ್ತಿ ಹೆಸರಿಗೆ 49. ಎರಡನೇ ‘ಮ’ದ ಮೊದಲ ಬೈಟ್ ಮಾತ್ರ ಒಳಗೆ ಬಂದು, ಉಳಿದೆರಡು ಹೊರಗೇ ಉಳಿದಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇಡೀ ಹೆಸರು 22 ಬೈಟಿಗೆ ಮುಗಿಯುತ್ತೆ. ಮೂವರೂ ಇಂಗ್ಲಿಷ್ ಮೀಡಿಯಂನವರು, ನಮಗೆ ಟೈಪ್ ಮಾಡೋಕೂ ಅದೇ ಸಲೀಸು. ಆದರೆ ಕನ್ನಡ ಸಂಘದ ಪಟ್ಟಿ ಇಂಗ್ಲಿಷಿನಲ್ಲಿ ಅಂದರೆ ಮುಖ ಎಲ್ಲಿಡೋದು? 30 ಇದ್ದದ್ದನ್ನ 200 ಮಾಡಿದೆವು. ಒಂದೇ ಅಂಕಿಯ ಬದಲಾವಣೆ, ಅಷ್ಟಕ್ಕೆ ಒಂದು ಗಂಟೆ ವಾದ ಮಾಡಿದ್ದೆವು.

ಎಲ್ಲ ಸರಿಹೋಯ್ತು ಅನ್ನಿಸಿ ನೋಟ್‌ಬುಕ್ ಮುಚ್ಚಿಟ್ಟೆವು. ಎರಡು ವಾರ ಪ್ರೋಗ್ರಾಂ ಚೆನ್ನಾಗಿ ನಡೆಯಿತು. ಒಬ್ಬರ ಹೆಸರು ಬದಲಾದರೂ ಇಡೀ ಫೈಲನ್ನ ಮತ್ತೆ ಬರೆಯುತ್ತಿದ್ದೆವು. ಟೆಕ್ಸ್ಟ್ ಫೈಲಿನಲ್ಲಿ ಸಾಲುಗಳ ಉದ್ದ ಒಂದೇ ಸಮ ಇರಲ್ಲ, ಚಿಕ್ಕ ಹೆಸರಿನ ಜಾಗದಲ್ಲಿ ಉದ್ದದ ಹೆಸರು ಬರೆದರೆ ಮುಂದಿನ ಸಾಲನ್ನ ತಿಂದುಬಿಡುತ್ತೆ. ಅದಕ್ಕೇ ಎಲ್ಲವನ್ನೂ ಅರೇಗೆ ಓದಿಕೊಂಡು, ತಿದ್ದಿ, ಅದೇ ಫೈಲನ್ನ ‘ಡಬ್ಲ್ಯೂ’ ಮೋಡ್‌ನಲ್ಲಿ ತೆರೆದು ಬರೆಯುವುದು. ಬುದ್ಧಿ ಬಂದಿತ್ತಲ್ಲ, ನಾಲ್ಕು ಕಾಲಂ ಸಿಗದ ಸಾಲು ಬಂದರೆ ಓದುವುದನ್ನ ಅಲ್ಲೇ ನಿಲ್ಲಿಸಬೇಕು ಅಂತಲೂ ಬರೆದಿದ್ದೆವು.

ಒಂದು ಸಂಜೆ ನಮ್ಮಲ್ಲೇ ಒಬ್ಬರು ಫೈಲನ್ನ ನೋಟ್‌ಪ್ಯಾಡಿನಲ್ಲಿ ತೆರೆದು, ನೋಡೋಕೆ ಚೆಂದ ಇರಲಿ ಅಂತ ಮೇಲ್ಗಡೆ ‘ಕನ್ನಡ ಸಂಘದ ಪುಸ್ತಕಗಳು’ ಅಂತ ಒಂದು ತಲೆಬರಹ ಸೇರಿಸಿದರು. ಮರುದಿನ ಪ್ರೋಗ್ರಾಂ ಮೊದಲ ಸಾಲು ಓದಿತು, ನಾಲ್ಕು ಕಾಲಂ ಸಿಗಲಿಲ್ಲ, ನಿಂತಿತು. ಅರೇಯಲ್ಲಿ ಇದ್ದದ್ದು ಸೊನ್ನೆ ಪುಸ್ತಕ. ‘ಡಬ್ಲ್ಯೂ’ ಅಂತ ಎಫ್‌ಓಪನ್ ಮಾಡಿದ ಕ್ಷಣವೇ ಹಳೆಯದೆಲ್ಲ ಅಳಿದುಹೋಗುತ್ತೆ. ಆಮೇಲೆ ಅದು ನಿಷ್ಠೆಯಿಂದ ಸೊನ್ನೆ ಪುಸ್ತಕಗಳನ್ನ ಬರೆದು ಫೈಲ್ ಮುಚ್ಚಿತು. ಎಲ್ಲೂ ಎರರ್ ಇಲ್ಲ. ಫೈಲ್ ಸೈಜ್ 0.

ಪುಸ್ತಕಗಳ ಪಟ್ಟಿ ನೋಟ್‌ಬುಕ್‌ನಲ್ಲಿತ್ತು, ಮತ್ತೆ ಟೈಪ್ ಮಾಡಿದೆವು. ಆದರೆ ಆ ಎರಡು ವಾರದಲ್ಲಿ ಯಾರು ಏನು ಒಯ್ದರು ಅನ್ನೋದು ಆ ಫೈಲ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಫೈನಲ್ ಇಯರ್‌ನವರು ಆಗಲೇ ರೂಮ್ ಖಾಲಿ ಮಾಡ್ತಿದ್ದರು. ಹಾಸ್ಟೆಲಿನ ಬಾಗಿಲು ಬಾಗಿಲಿಗೆ ಹೋಗಿ ‘ಅಣ್ಣಾ, ನಮ್ಮ ಪುಸ್ತಕ ಏನಾದ್ರೂ ಇದೆಯಾ?’ ಅಂತ ಕೇಳಿದೆವು. ‘ನಿಮ್ಮ ಕಂಪ್ಯೂಟರ್‌ನಲ್ಲಿ ಇರುತ್ತಲ್ಲ, ನೋಡ್ಕೊಳ್ರೋ’ ಅಂದರು. ಬೀರುವಿನಲ್ಲಿ 16 ಪುಸ್ತಕ ಇರಲಿಲ್ಲ, ಅದರಲ್ಲಿ 14 ವಾಪಸ್ ಬಂದವು.

ಬಾರದ ಎರಡರಲ್ಲಿ ಒಂದು ‘ಮರಳಿ ಮಣ್ಣಿಗೆ’. ಹೋದ ವರ್ಷ ಪಾಸಾದ ಅಕ್ಕ ಒಬ್ಬರು, ತಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನ ಸಂಘಕ್ಕೆ ಕೊಟ್ಟಿದ್ದರು. ಅವುಗಳ ಪೈಕಿ ಇದೂ ಒಂದು. ಮೊದಲ ಪುಟದಲ್ಲಿ ಅಜ್ಜನ ರುಜು ಇದೆ. ಮುಚ್ಚಿಡೋದು ಬೇಡ ಅಂತ ಫೋನ್ ಮಾಡಿ ಹೇಳಿದೆವು. ಅಕ್ಕ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಟ್‌ಬುಕ್ಕಲ್ಲಿ ಬರೀತಿದ್ವಲ್ಲ, ಅದನ್ನ ಯಾಕೆ ಬಿಟ್ರಿ?’ ಅಂದರು. ಮೂವರೂ ಮುಖ ಮುಖ ನೋಡಿಕೊಂಡೆವು.

ಈಗ ಪ್ರೋಗ್ರಾಂ ಹಳೆಯ ಫೈಲನ್ನ ಮುಟ್ಟಲ್ಲ. ಹೊಸ ಹೆಸರಿನ ಫೈಲಿಗೆ ಬರೆದು, ಎಫ್‌ಕ್ಲೋಸ್ ಮಾಡಿ, ಓದಿದ್ದೆಷ್ಟು ಬರೆದದ್ದೆಷ್ಟು ಅಂತ ತಾಳೆ ನೋಡುತ್ತೆ. ಅರ್ಥವಾಗದ ಸಾಲು ಒಂದು ಬಂದರೂ ಏನನ್ನೂ ಬರೆಯದೆ, ಎಷ್ಟನೇ ಸಾಲು ಅಂತ ಹೇಳಿ ಹೊರಬರುತ್ತೆ. ಎಲ್ಲ ಸರಿ ಇದ್ದರೆ ಮಾತ್ರ ಹಳೆಯದಕ್ಕೆ ಆ ದಿನದ ತಾರೀಖಿನ ಹೆಸರಿಟ್ಟು, ಹೊಸದನ್ನ ಅದರ ಜಾಗಕ್ಕೆ ತರುತ್ತೆ. ಜೊತೆಗೆ ಬೀರುವಿನ ಮೇಲೆ ನೋಟ್‌ಬುಕ್ ಕೂಡ ವಾಪಸ್ ಬಂದಿದೆ, ದಾರ ಕಟ್ಟಿದ ಪೆನ್ನಿನ ಸಮೇತ.

ಮೊದಲ ಪುಟದಲ್ಲಿ ನೀಲಿ ಇಂಕಿನ ರುಜು ಇರುವ ‘ಮರಳಿ ಮಣ್ಣಿಗೆ’ ನಿಮ್ಮ ಹತ್ತಿರವೋ, ನಿಮ್ಮ ಸೀನಿಯರ್ ಬಿಟ್ಟುಹೋದ ಪೆಟ್ಟಿಗೆಯಲ್ಲೋ ಇದ್ದರೆ ದಯವಿಟ್ಟು ಸಂಘದ ರೂಮಿಗೆ ತಂದುಕೊಡಿ. ಬಾಗಿಲು ಹಾಕಿದ್ದರೆ ಕಿಟಕಿಯ ಒಳಗೆ ಇಟ್ಟುಹೋಗಿ. ಹೆಸರು ಕೇಳಲ್ಲ, ನಾಲ್ಕನೇ ಕಾಲಂನಲ್ಲಿ ‘-’ ಅಂತ ಹಾಕ್ತೀವಿ.