ಆಂಪ್ ಕಥೆ, ಭಾಗ 4: ವಾಟ್ ಲೆಕ್ಕ

ಸಬ್‌ವೂಫರ್‌ಗೆ ಆಂಪ್ ತಗೊಳ್ಳೋಕೆ ಎಸ್.ಪಿ. ರೋಡಿಗೆ ಹೊರಟಿದ್ದೀರಾ? ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಪಿಎಂಪಿಒ ಅಂತ ಸಾವಿರಗಟ್ಟಲೆ ವಾಟ್ ಬರೆದಿರ್ತಾರೆ. ಅದನ್ನ ಬಿಟ್ಟಾಕಿ. ಆರ್‌ಎಂಎಸ್ ಎಷ್ಟು, ಅದೂ ಎಷ್ಟು ಓಮ್‌ಗೆ ಅಂತ ಕೇಳಿ. ಸಬ್ 4 ಓಮ್ ಇದ್ದು, ಆಂಪ್ 8ಕ್ಕಿಂತ ಕೆಳಗೆ ತಡೆಯಲ್ಲ ಅಂದ್ರೆ ಬಿಸಿಯಾಗಿ ಆಫ್ ಆಗುತ್ತೆ, ಇಲ್ಲಾ ಸುಟ್ಟೇ ಹೋಗುತ್ತೆ.

ಈಗ ನಮ್ಮ ಬಿಕಾಂ ಲೆಕ್ಕ: 100 ವಾಟ್ ಬದಲು 200 ಕೊಂಡ್ರೆ ಹೆಚ್ಚಿಗೆ ಸಿಗೋದು ಬರೀ 3 ಡೆಸಿಬಲ್! ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹಾಗಂತ ತೀರಾ ಚಿಕ್ಕದು ತಂದು ವಾಲ್ಯೂಮ್ ಪೂರ್ತಿ ತಿರುಗಿಸಿದ್ರೆ ಸದ್ದು ಒಡೆಯುತ್ತೆ, ಸಬ್‌ನ ಕಾಯಿಲ್‌ಗೂ ಅಪಾಯ.

ನನ್ನ ಹತ್ತಡಿ ರೂಮಿಗೆ 100 ವಾಟ್ ಆರ್‌ಎಂಎಸ್, ಕ್ಲಾಸ್ ಡಿ ಧಾರಾಳ. ಉಳಿದ ದುಡ್ಡು ಪರೀಕ್ಷಾ ಶುಲ್ಕಕ್ಕೆ ಆಯ್ತು. ನಿಮ್ಮ ಸಬ್ ಎಷ್ಟು ಓಮ್? ಹಿಂದೆ ತಿರುಗಿಸಿ ನೋಡಿ, ಕಾಮೆಂಟಲ್ಲಿ ಹಾಕಿ.